ಹಡಗಿನ ಪೆಟ್ಟಿಗೆ ಹೊಲಕ್ಕೆ ಬಂದರೆ

ಕಂಟೇನರ್ ಮನೆ ಅಂತ ಈಗ ಎಲ್ಲೆಲ್ಲೂ ಮಾತು. ಹಡಗಿನಲ್ಲಿ ಸರಕು ತುಂಬಿ ಕಳಿಸುವ ಕಬ್ಬಿಣದ ದೊಡ್ಡ ಪೆಟ್ಟಿಗೆಗೆ ಬಾಗಿಲು ಕಿಟಕಿ ಇಟ್ಟು ಮನೆ ಮಾಡಿಕೊಳ್ಳುವುದು. ಮೊಬೈಲಿನಲ್ಲಿ ಅದರ ಚಿತ್ರ ನೋಡಿದ ಮಕ್ಕಳು, ನಮ್ಮ ಹೊಲದಲ್ಲೂ ಒಂದು ಇಡೋಣ ಅನ್ನುತ್ತಾರೆ. ನಮ್ಮ ಮನೆಯಲ್ಲೂ ಅದೇ ಆಯಿತು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ, "ಅಪ್ಪಾ, ಎರಡು ಪೆಟ್ಟಿಗೆ ತಂದಿಟ್ರೆ ಹದಿನೈದು ದಿನಕ್ಕೆ ಮನೆ ರೆಡಿ" ಅಂದ. ತಯಾರು ಮಾಡಿ ಕೊಡುವವರನ್ನು ಕೇಳಿದರೆ ಒಂಬತ್ತು ಲಕ್ಷ ಅಂದರು. ಮಳೆ ನಂಬಿ ರಾಗಿ, ಕಡ್ಲೆಕಾಯಿ ಬೆಳೆಯುವವನಿಗೆ ಒಂಬತ್ತು ಲಕ್ಷ ಅಂದರೆ ಎಷ್ಟು ವರ್ಷದ ದುಡಿಮೆ ಅನ್ನೋದನ್ನು ಈ ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಅದನ್ನು ಅಲ್ಲಿಗೇ ಬಿಡಲಿಲ್ಲ. ಕಾರಣ, ಕೃಷಿ ಹೊಂಡದ ಡೀಸೆಲ್ ಇಂಜಿನ್ನು ಒಂದು ಸಲ, ಸ್ಪ್ರೇಯರ್ ಒಂದು ಸಲ ಹೊಲದ ಶೆಡ್ಡಿನಿಂದ ಕಳವಾಗಿತ್ತು. ಬೀಗ ಹಾಕಿದರೆ ನಿಲ್ಲುವಂಥ ಒಂದು ಕೋಣೆ ಬೇಕಿತ್ತು. ಕಡ್ಲೆಕಾಯಿ ಕೀಳುವಾಗ, ಕಾಡುಹಂದಿ ಕಾಯುವಾಗ ರಾತ್ರಿ ಮಲಗಲು ಜಾಗವೂ ಬೇಕಿತ್ತು. ಹೀಗಾಗಿ ಆರು ತಿಂಗಳು ಅಲ್ಲಿ ಇಲ್ಲಿ ಕೇಳಿ, ನೋಡಿ, 2023ರ ಬೇಸಿಗೆಯಲ್ಲಿ 20 ಅಡಿಯ ಹಳೆಯ ಪೆಟ್ಟಿಗೆ ಒಂದನ್ನು ತಂದಿಟ್ಟೆ. ಎರಡಲ್ಲ, ಒಂದೇ. ಮನೆಯಾಗಿ ಅಲ್ಲ, ಹೊಲದ ಕೋಣೆಯಾಗಿ. ತಿಳಿದುಕೊಂಡದ್ದನ್ನು ಬರೆಯುತ್ತೇನೆ.

ಪೆಟ್ಟಿಗೆಯ ಹಿಂದಿನ ಕತೆ

ನಾನು ಮಾಲೂರು ಕಡೆಯವನು. ಪ್ಯಾಸೆಂಜರ್ ರೈಲಿನಲ್ಲಿ ಬೆಂಗಳೂರಿಗೆ ಹೋಗುವಾಗ ವೈಟ್‌ಫೀಲ್ಡ್ ಹತ್ತಿರ ಕೆಂಪು, ನೀಲಿ, ಹಸಿರು ಪೆಟ್ಟಿಗೆಗಳ ರಾಶಿ ಕಾಣುತ್ತೆ. ಅದು ಕಂಟೇನರ್ ಡಿಪೋ. ಒಣ ಬಂದರು ಅಂತಲೂ ಕರೀತಾರೆ. ಸಮುದ್ರ ಇಲ್ಲದ ಊರಿಗೆ ಬಂದರು ಅಂದರೆ ನಗು ಬರಬಹುದು. ಆದರೆ ನಮ್ಮ ದೇಶದಲ್ಲಿ ಈ ಥರದ ಮೊದಲ ಡಿಪೋ ಶುರುವಾದದ್ದೇ ಬೆಂಗಳೂರಿನಲ್ಲಿ, 1981ರಲ್ಲಿ. ಚೆನ್ನೈ ಬಂದರಿಗೆ ಹಡಗಿನಲ್ಲಿ ಬಂದ ಪೆಟ್ಟಿಗೆ ಬಿಚ್ಚದೆ ಹಾಗೇ ರೈಲು ಹತ್ತಿ ಇಲ್ಲಿಗೆ ಬರುತ್ತೆ, ಕಸ್ಟಮ್ಸ್‌ನವರ ತಪಾಸಣೆ ಇಲ್ಲೇ ನಡೆಯುತ್ತೆ.

ಹೀಗೆ ಪೆಟ್ಟಿಗೆಗೆ ಪೆಟ್ಟಿಗೆಯನ್ನೇ ಸಾಗಿಸುವ ಪದ್ಧತಿ ಬೆಳೆಸಿದವನು ಅಮೆರಿಕದ ಮಾಲ್ಕಂ ಮೆಕ್ಲೀನ್. ರೈತರ ಮನೆಯವನು, ಲಾರಿ ಓಡಿಸಿ ಮೇಲೆ ಬಂದವನು. ಒಂದೊಂದೇ ಮೂಟೆ ಇಳಿಸಿ ಹತ್ತಿಸುವುದಕ್ಕೆ ದಿನಗಟ್ಟಲೆ ಲಾರಿ ನಿಲ್ಲಿಸಿಕೊಳ್ಳುವ ಬದಲು ಪೆಟ್ಟಿಗೆಯನ್ನೇ ಎತ್ತಿ ಹಡಗಿಗೆ ಇಟ್ಟರೆ ಹೇಗೆ ಅಂತ ಯೋಚಿಸಿದ. 1956ರ ಏಪ್ರಿಲ್ 26ರಂದು ಅವನ ಹಡಗು 58 ಪೆಟ್ಟಿಗೆ ಹೊತ್ತು ಹೊರಟಿತು. ಆಮೇಲೆ ಪ್ರಪಂಚಕ್ಕೆಲ್ಲ ಒಂದೇ ಅಳತೆ ಬಂತು. ಇದನ್ನು ಮನೆ ಮಾಡುವ ಉಪಾಯಕ್ಕೆ ಫಿಲಿಪ್ ಕ್ಲಾರ್ಕ್ ಅನ್ನುವವನು ಅಮೆರಿಕದಲ್ಲಿ 1987ರಲ್ಲಿ ಅರ್ಜಿ ಹಾಕಿ 1989ರಲ್ಲಿ ಪೇಟೆಂಟ್ ಪಡೆದ. ಅಂದರೆ ಇದೇನೂ ನಿನ್ನೆ ಮೊನ್ನೆಯ ಯೋಚನೆ ಅಲ್ಲ.

ಅಳತೆ ಹೀಗಿದೆ. ಸಣ್ಣದು 20 ಅಡಿ ಉದ್ದ, 8 ಅಡಿ ಅಗಲ, ಎಂಟೂವರೆ ಅಡಿ ಎತ್ತರ. ದೊಡ್ಡದು 40 ಅಡಿ. ಒಂಬತ್ತೂವರೆ ಅಡಿ ಎತ್ತರದ್ದೂ ಇದೆ, ಅದಕ್ಕೆ ಹೈಕ್ಯೂಬ್ ಅಂತಾರೆ. ಇದು ಹೊರಗಿನ ಲೆಕ್ಕ. 20 ಅಡಿಯದರ ಒಳಗೆ ಟೇಪು ಹಿಡಿದರೆ ಸಿಗುವುದು 19 ಅಡಿ 4 ಇಂಚು ಉದ್ದ, 7 ಅಡಿ 8 ಇಂಚು ಅಗಲ. ಮಾರುವವರು 160 ಚದರ ಅಡಿ ಅಂತಾರೆ, ಒಳಗೆ ಇರೋದು 148. ಶಾಖ ತಡೆಯಲು ಒಳಗೋಡೆ ಕೊಟ್ಟರೆ ಇನ್ನೂ ಇಂಚುಗಟ್ಟಲೆ ಹೋಗುತ್ತೆ. ಮಂಚ ಅಡ್ಡ ಹಾಕಿದರೆ ಓಡಾಡಲು ಜಾಗ ಇರಲ್ಲ. ಖಾಲಿ ತೂಕ ಸುಮಾರು ಎರಡೂಕಾಲು ಟನ್.

ಬೀದಿ ಕಲಿಸಿದ ಪಾಠ

ನೆಂಟರ ಮದುವೆಯ ಬಟ್ಟೆಗೆ ಕಮರ್ಷಿಯಲ್ ಸ್ಟ್ರೀಟ್‌ಗೆ ಹೋಗಿದ್ದೆ. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದರೆ ಶಿವಾಜಿನಗರದ ಮೇಲೆ ಹಾದು ಅಲ್ಲಿಗೆ ಹೋಗಬಹುದು. ಹೆಂಗಸರು ಅಂಗಡಿ ಒಳಗೆ ಹೋದರೆ ಬೇಗ ಹೊರಗೆ ಬರೋದಿಲ್ಲ. ನಾನು ಬೀದಿ ನೋಡುತ್ತ ನಿಂತೆ. ಎಲ್ಲೆಲ್ಲಿಂದಲೋ ಬಂದ ಬಟ್ಟೆ, ಚಪ್ಪಲಿ, ಚೀಲಗಳು. ಆದರೆ ಅವು ಬಂದ ಪೆಟ್ಟಿಗೆ ಒಂದೂ ಆ ಬೀದಿಯಲ್ಲಿ ಕಾಣಲ್ಲ. ಬರುವ ಹಾಗೂ ಇಲ್ಲ. ಅಷ್ಟು ಇಕ್ಕಟ್ಟಿನಲ್ಲಿ ಟ್ರೈಲರ್ ಲಾರಿ ತಿರುಗುವುದಾದರೂ ಎಲ್ಲಿ? ಪೆಟ್ಟಿಗೆಯನ್ನು ಊರಾಚೆಯೇ ಬಿಚ್ಚಿ, ಬೇಲು ಬೇಲಾಗಿ ಸಣ್ಣ ಟೆಂಪೋದಲ್ಲಿ ತಂದು, ತಲೆ ಮೇಲೆ ಹೊತ್ತು ಅಂಗಡಿಗೆ ಹಾಕ್ತಾರೆ.

ಆಗ ನನಗೆ ನಮ್ಮ ಹೊಲದ ದಾರಿ ನೆನಪಾಯಿತು. ನಮ್ಮದೂ ಬಂಡಿದಾರಿ. ಎರಡು ಕಡೆ ಕಲ್ಲುಕಂಬದ ಬೇಲಿ, ಒಂದು ಕಡೆ ಹೊಂಗೆಮರ, ಮೇಲೆ ಕರೆಂಟು ತಂತಿ. ಪೆಟ್ಟಿಗೆ ಕೊಳ್ಳುವ ಮೊದಲು ನೋಡಬೇಕಾದ್ದು ಪೆಟ್ಟಿಗೆಯನ್ನಲ್ಲ, ಈ ದಾರಿಯನ್ನ. 20 ಅಡಿಯದನ್ನು ತರುವ ಲಾರಿಗೆ ನೇರ ದಾರಿಯಲ್ಲಿ ಕನಿಷ್ಠ ಹನ್ನೆರಡು ಅಡಿ ಬೇಕು, ತಿರುವಿನಲ್ಲಿ ಇನ್ನೂ ಹೆಚ್ಚು. ಇಳಿಸಲು ಹೈಡ್ರಾ ಕ್ರೇನ್ ಬರಬೇಕು, ಅದು ನಿಲ್ಲಲು ಗಟ್ಟಿ ನೆಲ ಬೇಕು. ಲಾರಿ ಮೇಲೆ ಕೂತ ಪೆಟ್ಟಿಗೆಯ ನೆತ್ತಿ ನೆಲದಿಂದ ಹದಿಮೂರು ಅಡಿ ಆಗಬಹುದು, ಕ್ರೇನಿನ ಕೈ ಅದಕ್ಕಿಂತಲೂ ಮೇಲೆ ಹೋಗುತ್ತೆ. ತಂತಿ ಇದ್ದಲ್ಲಿ ಲೈನ್‌ಮನ್‌ಗೆ ಮೊದಲೇ ಹೇಳಿ ಕರೆಂಟು ತೆಗೆಸಲೇಬೇಕು. ಉಳುಮೆ ಆದ ಹೊಲಕ್ಕೆ, ಮಳೆ ಬಿದ್ದ ಮೇಲೆ ತರಿಸುವ ಮಾತೇ ಬೇಡ. ಮಾರ್ಚ್, ಏಪ್ರಿಲ್ ಸರಿಯಾದ ಕಾಲ. 40 ಅಡಿಯದು ನಮ್ಮಂಥ ಹೆಚ್ಚಿನವರ ಹೊಲಕ್ಕೆ ಹೋಗುವುದೇ ಇಲ್ಲ.

ಅದೇ ಬೀದಿಯಿಂದ ಕಾಮರಾಜ ರಸ್ತೆ ಕಡೆ ಬಂದರೆ, ಅಲ್ಲಿ 2019ರಲ್ಲಿ ರಸ್ತೆ ಮುಚ್ಚಿ ಮೆಟ್ರೋದ ಸುರಂಗ ಸ್ಟೇಷನ್ ಕೆಲಸ ಶುರುವಾಗಿತ್ತು. ಕೆಲಸದ ಜಾಗದಲ್ಲಿ ಆಫೀಸಿನ ಪೆಟ್ಟಿಗೆಗಳಿದ್ದವು. ನಾನು ಅವನ್ನೂ ಹಡಗಿನ ಪೆಟ್ಟಿಗೆ ಅಂದುಕೊಂಡಿದ್ದೆನಾ ಅಂತ ಕೇಳಿದರೆ, ಇಲ್ಲ. ದೂರದಿಂದ ಒಂದೇ ಥರ ಕಂಡರೂ ಗೋಡೆ ಬಡಿದು ನೋಡಿದರೆ ಗೊತ್ತಾಗುತ್ತೆ. ಕೆಲಸದ ಜಾಗಗಳಲ್ಲಿ ಇಡುವ ಹೆಚ್ಚಿನವು ಪೋರ್ಟಾ ಕ್ಯಾಬಿನ್. ಪೈಪಿನ ಚೌಕಟ್ಟಿಗೆ ತೆಳು ಶೀಟು ಹೊಡೆದು, ನಡುವೆ ಶಾಖ ತಡೆಯುವ ಹಾಸು ತುಂಬಿ ಮಾಡಿದ್ದು. ಹಗುರ, ಒಳಗೆ ಸ್ವಲ್ಪ ತಂಪು. ಆದರೆ ಕಳ್ಳ ಕಟರ್ ತಂದರೆ ಹೆಚ್ಚು ಹೊತ್ತು ತಡೆಯಲ್ಲ. ಹಡಗಿನ ಪೆಟ್ಟಿಗೆ ಕಾರ್ಟನ್ ಸ್ಟೀಲ್ ಅನ್ನುವ, ತುಕ್ಕು ಬೇಗ ತಿನ್ನದ ಉಕ್ಕಿನದು. ಕಾವಲಿಗೆ ಇದು, ಬರೀ ಕೂರಲಿಕ್ಕೆ ಅದು. ಮಾರುವವರು ಎರಡಕ್ಕೂ ಕಂಟೇನರ್ ಅಂತಲೇ ಹೇಳುವುದರಿಂದ ದರ ಕೇಳುವಾಗ ಯಾವುದು ಅಂತ ಬಿಡಿಸಿ ಕೇಳಿ.

ಬಿಸಿಲೇ ದೊಡ್ಡ ಶತ್ರು

ಈ ವಿಷಯ ಮಾರುವವರು ಹೇಳಲ್ಲ. ಪೆಟ್ಟಿಗೆಯ ಗೋಡೆ ಎರಡು ಮಿಲಿಮೀಟರೂ ದಪ್ಪ ಇರಲ್ಲ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಒಂದೂವರೆ ಅಡಿ ಮಣ್ಣಿನ ಗೋಡೆ, ಮೇಲೆ ಕಲ್ಲುಚಪ್ಪಡಿ, ಅದರ ಮೇಲೆ ಮಣ್ಣು ಸುಣ್ಣದ ಗಚ್ಚು. ಬಿಸಿಲು ಒಳಗೆ ಬರುವ ಹೊತ್ತಿಗೆ ಸಾಯಂಕಾಲ ಆಗಿರುತ್ತೆ. ಕಬ್ಬಿಣದಲ್ಲಿ ಹಾಗಲ್ಲ. ಬೆಳಿಗ್ಗೆ ಒಂಬತ್ತಕ್ಕೇ ಗೋಡೆ ಮುಟ್ಟಿದರೆ ಬಿಸಿ, ಏಪ್ರಿಲ್ ಮಧ್ಯಾಹ್ನ ಒಳಗೆ ನಿಲ್ಲಲಾಗದು. ಒಂದು ಒಳ್ಳೇದೂ ಇದೆ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ತಣ್ಣಗಾಗುತ್ತೆ, ಚಪ್ಪಡಿ ಮನೆಯ ಹಾಗೆ ರಾತ್ರಿಯೆಲ್ಲ ಕಾವು ಬಿಡ್ತಾ ಇರಲ್ಲ.

ತಯಾರಕರ ಉಪಾಯ ಒಳಗೆ ಹಾಸು ಹೊಡೆದು ಎ.ಸಿ. ಇಡುವುದು. ನಮ್ಮ ಹೊಲದ ಕರೆಂಟಿಗೆ ಎ.ಸಿ.? ಬಿಡಿ. ನಾನು ಮಾಡಿದ್ದು ಬಿಸಿಲು ಕಬ್ಬಿಣಕ್ಕೆ ತಾಗದ ಹಾಗೆ ಮೇಲೊಂದು ಚಪ್ಪರ. ಕಲ್ಲುಕಂಬ ನೆಟ್ಟು, ಪೈಪು ಕಟ್ಟಿ, ಮೇಲೆ ಜಿ.ಐ. ಶೀಟು. ಪೆಟ್ಟಿಗೆಯ ನೆತ್ತಿಗೂ ಶೀಟಿಗೂ ಎರಡು ಅಡಿ ಸಂದು, ಗಾಳಿ ಆಡಬೇಕು. ಪಡುವಣ ಕಡೆ ಚಪ್ಪರವನ್ನು ಎಂಟು ಅಡಿ ಮುಂದೆ ಚಾಚಿದ್ದೇನೆ, ಯಾಕೆಂದರೆ ಮಧ್ಯಾಹ್ನದ ಮೇಲಿನ ಬಿಸಿಲು ಗೋಡೆಗೆ ಅಡ್ಡ ಬೀಳುತ್ತೆ. ಪೆಟ್ಟಿಗೆಯ ಉದ್ದವನ್ನು ಮೂಡಲು ಪಡುವಲು ಮಾಡಿ ಇಟ್ಟರೆ ಪಡುವಣ ಬಿಸಿಲಿಗೆ ಸಿಗೋದು ಎಂಟಡಿಯ ಸಣ್ಣ ಗೋಡೆ ಮಾತ್ರ. ನೆತ್ತಿಗೆ ಬಿಳಿ ಬಣ್ಣ. ಇಷ್ಟಾದ ಮೇಲೆ ಮಧ್ಯಾಹ್ನ ಒಳಗಿನ ಕಾವು ಹೊರಗಿನ ನೆರಳಿನಷ್ಟೇ, ಅದಕ್ಕಿಂತ ತಂಪೇನಲ್ಲ. ಚಪ್ಪರಕ್ಕೆ ಬೊಂಬೂ ಮತ್ತು ತೆಂಗಿನ ಗರಿ ಸಾಕು ಅನ್ನುವವರು ಹಾಗೂ ಮಾಡಬಹುದು, ಖರ್ಚು ಬಹಳ ಕಡಿಮೆ. ಕಂಟೋನ್ಮೆಂಟ್ ಕಡೆಯ ಬ್ಯಾಂಬೂ ಬಜಾರಿನಲ್ಲಿ ಗಳು ಸಿಗುತ್ತೆ. ನಾನು ಶೀಟು ಹಾಕಿದ್ದು ನೀರಿಗಾಗಿ, ಅದನ್ನು ಮುಂದೆ ಹೇಳ್ತೀನಿ.

ಒಳಗೆ ಹಾಸು ಹಾಕಲೇಬೇಕು ಅನ್ನುವವರು ಥರ್ಮೋಕೋಲ್ ಹಾಕಬೇಡಿ. ಬೆಂಕಿ ತಗುಲಿದರೆ ವಿಷದ ಹೊಗೆ. ರಾಕ್‌ವುಲ್ ಅಂತ ಕಲ್ಲಿನ ಎಳೆಯ ಹಾಸು ಬರುತ್ತೆ, ಅದು ಉರಿಯಲ್ಲ.

ಇನ್ನೊಂದು ತೊಂದರೆ ಬೆವರು. ಮುಚ್ಚಿದ ಪೆಟ್ಟಿಗೆಯಲ್ಲಿ ಹಗಲಿನ ಬಿಸಿಗಾಳಿ ರಾತ್ರಿ ತಣ್ಣನೆಯ ಕಬ್ಬಿಣಕ್ಕೆ ತಾಗಿ ನೀರಾಗಿ ತೊಟ್ಟಿಕ್ಕುತ್ತೆ. ಕಾರ್ತಿಕ, ಮಾರ್ಗಶಿರದಲ್ಲಿ ಹೆಚ್ಚು. ಕಡ್ಲೆಕಾಯಿ ಮೂಟೆ ಇಟ್ಟರೆ ತೇವ ಹಿಡಿದು ಬೂಸ್ಟು ಬರುತ್ತೆ, ಆ ಬೂಸ್ಟಿನಿಂದಲೇ ಅಫ್ಲಾಟಾಕ್ಸಿನ್ ಅನ್ನುವ ವಿಷ. ರಾಗಿಗೆ ನಮ್ಮ ಹಿರಿಯರ ಹಗೇವು ಇದಕ್ಕಿಂತ ಸಾವಿರ ಪಾಲು ಮೇಲು. ಎದುರುಬದುರು ಎರಡು ಕಿಟಕಿ, ಗೋಡೆಯ ಮೇಲ್ತುದಿಯಲ್ಲಿ ಜಾಲರಿ ಹಾಕಿದ ಗಾಳಿಕಂಡಿ ಇಟ್ಟ ಮೇಲೆ ನನ್ನ ಪೆಟ್ಟಿಗೆ ಬೆವರುವುದು ನಿಂತಿದೆ. ಆದರೂ ತಿನ್ನುವ ಕಾಳು ನಾನು ಅದರಲ್ಲಿ ಇಡಲ್ಲ. ಅದಕ್ಕೆ ಬೇರೆ ಕಾರಣವೂ ಇದೆ.

ನೆಲಹಾಸಿನ ವಿಷ

ಪೆಟ್ಟಿಗೆಯ ನೆಲ ಒಂದು ಇಂಚಿಗಿಂತ ತುಸು ದಪ್ಪದ ಪ್ಲೈವುಡ್ಡು. ದೇಶದಿಂದ ದೇಶಕ್ಕೆ ಹುಳ ಹೋಗಬಾರದು ಅಂತ ಆ ಮರಕ್ಕೆ ಕೀಟನಾಶಕ ಕುಡಿಸಿರುತ್ತಾರೆ. ಬಾಗಿಲ ಮೇಲೆ ತಗಡಿನ ಫಲಕ ಇರುತ್ತೆ, ಅದರಲ್ಲಿ ತಯಾರಾದ ವರ್ಷದ ಜೊತೆ ಮರಕ್ಕೆ ಯಾವ ಔಷಧಿ ಕೊಟ್ಟಿದೆ, ಯಾವಾಗ ಕೊಟ್ಟಿದೆ ಅಂತ ಒಂದು ಸಾಲು ಇರುತ್ತೆ. ಇಂಗ್ಲಿಷ್ ಬರುವ ಮಕ್ಕಳ ಕೈಲಿ ಓದಿಸಿ. ಜೊತೆಗೆ ಹಿಂದೆ ಆ ಪೆಟ್ಟಿಗೆಯಲ್ಲಿ ಏನು ಸಾಗಿಸಿದ್ದರು, ಏನು ಚೆಲ್ಲಿತ್ತು ಯಾರಿಗೂ ಗೊತ್ತಿರಲ್ಲ. ಎಣ್ಣೆ ಕಲೆ, ಘಾಟು ವಾಸನೆ ಇದ್ದರೆ ಅದನ್ನು ಬಿಟ್ಟು ಬೇರೆ ನೋಡುವುದು ವಾಸಿ. ಮಕ್ಕಳು ನೆಲದ ಮೇಲೆ ಕೂತು ಆಡುವ ಮನೆಯಾದರೆ ಹಲಗೆ ಕಿತ್ತು ಬೇರೆ ಹಾಕಿಸಬೇಕು. ನಾನು ಅದರ ಮೇಲೆ ಸಿಮೆಂಟ್ ಬೋರ್ಡು ಹಾಸಿ ಸಂದು ಮುಚ್ಚಿದ್ದೇನೆ, ಮಲಗೋದು ಮಂಚದ ಮೇಲೆ.

ಬಲ ಇರೋದು ಮೂಲೆಯಲ್ಲಿ

ಹಡಗಿನಲ್ಲಿ ಇವನ್ನು ಒಂದರ ಮೇಲೊಂದು ಎಂಟು ಒಂಬತ್ತು ಪೇರಿಸುತ್ತಾರೆ. ಹಾಗಾಗಿ ಏನು ಹೊರಿಸಿದರೂ ತಡೆಯುತ್ತೆ ಅಂತ ಜನ ತಿಳಿದಿದ್ದಾರೆ. ಹೊರುವುದು ನಾಲ್ಕು ಮೂಲೆಯ ಕಂಬಗಳು ಮಾತ್ರ. ನೆತ್ತಿಯ ಶೀಟು ಏನೂ ಹೊರಲ್ಲ. ತಯಾರಾಗುವಾಗ ಅದಕ್ಕೆ ಮಾಡುವ ಪರೀಕ್ಷೆ ಎರಡಡಿ ಉದ್ದ ಒಂದಡಿ ಅಗಲದ ಜಾಗದಲ್ಲಿ 300 ಕಿಲೋ ಭಾರ, ಅಂದರೆ ನಾಲ್ಕು ಆಳು ನಿಂತರೆ ಆಯಿತು. ಸಾವಿರ ಲೀಟರಿನ ನೀರಿನ ಟ್ಯಾಂಕ್ ಇಟ್ಟರೆ ಒಂದು ಟನ್. ನೆತ್ತಿ ಬಗ್ಗಿ, ನೀರು ನಿಂತು, ತುಕ್ಕು ಶುರುವಾಗುತ್ತೆ. ನೆತ್ತಿಗೆ ಮಣ್ಣು ಹೇರಿ ತಂಪು ಮಾಡ್ತೀನಿ ಅನ್ನುವವರಿಗೂ ಇದೇ ಮಾತು. ಟ್ಯಾಂಕ್ ಬೇಕಾದರೆ ಬೇರೆ ಕಲ್ಲಿನ ಕಟ್ಟೆ ಮಾಡಿ.

ಗೋಡೆಯ ಏರುತಗ್ಗಿನ ಮಡಿಕೆಯೂ ಬಲದ ಒಂದು ಭಾಗ. ಚಿತ್ರದಲ್ಲಿ ಒಂದು ಕಡೆಯ ಗೋಡೆ ಪೂರ್ತಿ ತೆಗೆದು ಗಾಜು ಹಾಕಿರ್ತಾರೆ, ನೋಡಲು ಚೆನ್ನ. ಶಿವಾಜಿನಗರದ ಗುಜರಿ ಕಡೆ ಲಾರಿ ಬಾಡಿ ಕೆಲಸ ಮಾಡಿ ಪಳಗಿದ ಒಬ್ಬ ವೆಲ್ಡಿಂಗ್ ಸಾಬರು ನನಗೆ ಹೇಳಿದರು: "ಯಜಮಾನ್ರೇ, ಗೋಡೆ ಕುಯ್ಯೋದು ಅರ್ಧ ಗಂಟೆ ಕೆಲಸ. ಕುಯ್ದ ಮೇಲೆ ಅದು ಬಗ್ಗದಂಗೆ ನಿಲ್ಸೋದು ಎರಡು ದಿನದ ಕೆಲಸ." ಮೊದಲು ಚೌಕ ಪೈಪಿನ ಚೌಕಟ್ಟು ಕೂರಿಸಿ ವೆಲ್ಡ್ ಮಾಡಬೇಕು, ಆಮೇಲೆ ನಡುವಿನ ಶೀಟು ಕತ್ತರಿಸಬೇಕು. ಕತ್ತರಿಸಿದ ಅಂಚಿಗೆ ಅದೇ ದಿನ ಪ್ರೈಮರ್ ಹೊಡೆಯಬೇಕು. ನನ್ನದಕ್ಕೆ ಮೂರಡಿಯ ಎರಡು ಕಿಟಕಿ, ಒಂದು ಪಕ್ಕದ ಬಾಗಿಲು. ಅಷ್ಟೇ.

ಪಾಯ ಸುಲಭ. ನಾಲ್ಕು ಮೂಲೆಗೆ ನಾಲ್ಕು ಸೈಜುಗಲ್ಲಿನ ಕಟ್ಟೆ, ನೆಲದಿಂದ ಒಂದೂವರೆ ಅಡಿ ಎತ್ತರ. ಅಡಿಯಲ್ಲಿ ಗಾಳಿ ಆಡಿದರೆ ತುಕ್ಕು ಕಡಿಮೆ. ಹಾವು ಸೇರಿದರೂ ಬಗ್ಗಿ ನೋಡಬಹುದು. ನಮ್ಮದು ಕೆಂಪು ಮಣ್ಣು, ತೊಂದರೆ ಇಲ್ಲ. ಎರೆ ಭೂಮಿಯವರಿಗೆ ಇದು ನಿಜಕ್ಕೂ ಉಪಯೋಗ ಅಂತ ನನ್ನ ಅಭಿಪ್ರಾಯ. ಅಲ್ಲಿ ಮಳೆಗೆ ಮಣ್ಣು ಉಬ್ಬಿ ಬೇಸಿಗೆಗೆ ಬಿರಿದು ಗೋಡೆಗಳು ಸೀಳುತ್ತವೆ. ಪೆಟ್ಟಿಗೆಗೆ ಹಾಗಿಲ್ಲ. ಒಂದು ಮೂಲೆ ಕುಸಿದರೆ ಲಾರಿ ಜಾಕಿ ಕೊಟ್ಟು ಎತ್ತಿ, ಕೆಳಗೆ ಚಪ್ಪಡಿ ತುಂಡು ಸೇರಿಸಿದರೆ ಮತ್ತೆ ಮಟ್ಟ. ಗುತ್ತಿಗೆ ಜಮೀನು ಮಾಡುವವರಿಗೂ ಅನುಕೂಲ, ಬಿಟ್ಟು ಹೋಗುವಾಗ ಎತ್ತಿಕೊಂಡು ಹೋಗಬಹುದು.

ನನ್ನ ಲೆಕ್ಕ

ಪೆಟ್ಟಿಗೆಗೆ 1,30,000 ರೂಪಾಯಿ. ಲಾರಿ, ಹೈಡ್ರಾ ಸೇರಿ 24,000. ಕಲ್ಲಿನ ಕಟ್ಟೆ 6,000. ಚಪ್ಪರ 96,000. ಕಿಟಕಿ, ಬಾಗಿಲು, ಬಣ್ಣ 32,000. ವೈರಿಂಗ್ ಮತ್ತು ಅರ್ತಿಂಗ್ 9,000. ಒಟ್ಟು 2,97,000. ಅರ್ತಿಂಗ್ ಖರ್ಚಿಗೆ ಯಾರೂ ಕೈ ಹಿಡಿಯಬೇಡಿ. ಇಡೀ ಕೋಣೆಯೇ ಕಬ್ಬಿಣ, ಒಂದು ವೈರು ಸವೆದು ತಾಗಿದರೆ ಮುಟ್ಟಿದವರು ಉಳಿಯಲ್ಲ. ಮೂಲೆ ಕಂಬದಿಂದಲೇ ಪಟ್ಟಿ ಎಳೆದು ಗುಂಡಿಗೆ ಕೊಡಿಸಿ, ಸೋರಿಕೆ ಕಂಡರೆ ತಾನೇ ಬೀಳುವ ಸ್ವಿಚ್ಚು ಹಾಕಿಸಿ.

ಚಪ್ಪರ 30 ಅಡಿಗೆ 20 ಅಡಿ, 600 ಚದರ ಅಡಿ. ಕೊನೆಗೆ ದೋಣಿ ಕಟ್ಟಿ ನೀರನ್ನು ತೊಟ್ಟಿಗೆ ಬಿಟ್ಟಿದ್ದೇನೆ. ಹತ್ತು ಮಿಲಿಮೀಟರ್ ಮಳೆ ಬಂದರೆ ಸೋರಿದ್ದು ಆರಿದ್ದು ಕಳೆದು 450 ಲೀಟರ್ ಸಿಗುತ್ತೆ. ವರ್ಷಕ್ಕೆ 700 ಮಿಲಿಮೀಟರ್ ಅಂತ ಇಟ್ಟರೆ 31,000 ಲೀಟರ್. ದನಕ್ಕೆ, ಔಷಧಿ ಸಿಂಪಡಣೆಗೆ ಈಗ ನೀರು ಹೊರುವ ಕೆಲಸ ಕಡಿಮೆ. ಚಪ್ಪರದ ಕೆಳಗೆ ಪೆಟ್ಟಿಗೆ ಬಿಟ್ಟು ಉಳಿದ ಜಾಗದಲ್ಲಿ ಕಡ್ಲೆಕಾಯಿ ಬಿಡಿಸುತ್ತೇವೆ. ನಿಜ ಹೇಳಬೇಕೆಂದರೆ ಹಗಲು ಹೊತ್ತು ಎಲ್ಲರೂ ಕೂರುವುದು ಅಲ್ಲೇ, ಪೆಟ್ಟಿಗೆ ಒಳಗಲ್ಲ.

ಮನೆಯೇ ಬೇಕು ಅನ್ನುವವರಿಗೆ

ಆಮ್‌ಸ್ಟರ್‌ಡ್ಯಾಮ್ ಊರಿನಲ್ಲಿ ವಿದ್ಯಾರ್ಥಿಗಳಿಗೆ ಸಾವಿರ ಪೆಟ್ಟಿಗೆಯ ವಸತಿಯನ್ನು 2006ರ ಹೊತ್ತಿಗೆ ಮಾಡಿದ್ದರು. ಕತಾರ್‌ನಲ್ಲಿ 2022ರ ಫುಟ್‌ಬಾಲ್ ವಿಶ್ವಕಪ್‌ಗೆ 974 ಪೆಟ್ಟಿಗೆ ಬಳಸಿ ಒಂದು ಸ್ಟೇಡಿಯಂ ಕಟ್ಟಿ ಅದಕ್ಕೆ ಆ ಸಂಖ್ಯೆಯನ್ನೇ ಹೆಸರಿಟ್ಟರು. ಒಂದು ಚಳಿದೇಶ, ಇನ್ನೊಂದು ಕಳಚಿ ಒಯ್ಯಲೆಂದೇ ಕಟ್ಟಿದ್ದು. ನಮ್ಮ ಹೊಲಕ್ಕೆ ಎರಡನ್ನೂ ಹೋಲಿಸಲಾಗದು.

ಮಗ ತಂದಿದ್ದ ಒಂಬತ್ತು ಲಕ್ಷದ ಲೆಕ್ಕವನ್ನು ಎರಡು ಪೆಟ್ಟಿಗೆಯ 320 ಚದರ ಅಡಿಗೆ ಹಂಚಿದರೆ ಅಡಿಗೆ 2,800 ರೂಪಾಯಿ. ನಮ್ಮೂರ ಮೇಸ್ತ್ರಿ ಸೈಜುಗಲ್ಲಿನ ಗೋಡೆ ಎತ್ತಿ ಮೇಲೆ ಮೋಲ್ಡ್ ಹಾಕಿ ಅದಕ್ಕಿಂತ ಕಡಿಮೆಗೆ ಕಟ್ಟಿಕೊಡ್ತಾನೆ. ಅದನ್ನೇ ಮಗನ ಎದುರು ಇಟ್ಟೆ. ಅವನು ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ತಾನೇ ಒಂದು ನಕ್ಷೆ ಬರೆದು ತಂದ. ಅದು ನನಗೂ ಒಪ್ಪಿಗೆ. ಎರಡು ಪೆಟ್ಟಿಗೆಯನ್ನು ಹನ್ನೆರಡು ಅಡಿ ಅಂತರ ಬಿಟ್ಟು ಎದುರುಬದುರು ಇಟ್ಟು, ಮೇಲೆ ಒಂದೇ ಚಪ್ಪರ. ನಡುವಿನ 240 ಚದರ ಅಡಿ ಪಡಸಾಲೆ. ಒಂದು ಪೆಟ್ಟಿಗೆ ಮಲಗಲು, ಇನ್ನೊಂದು ಅಡುಗೆಗೆ ಮತ್ತು ಸಾಮಾನಿಗೆ. ಗೋಡೆ ಪೂರ್ತಿ ಕುಯ್ಯುವ ಕೆಲಸವೇ ಇಲ್ಲ. ತೊಟ್ಟಿಮನೆ ನೋಡಿದವರಿಗೆ ಇದು ಹೊಸದಲ್ಲ. ಈಗ ಇರುವ ಪೆಟ್ಟಿಗೆಯ ಎದುರು ಆ ಜಾಗ ಬಿಟ್ಟಿದ್ದೇವೆ. ಎರಡನೆಯದು ಬರುವುದು ಬೆಳೆ ಮೇಲೆ.

ಕೊಳ್ಳುವಾಗ

ಹಡಗಿನ ಕಂಪನಿಗಳು ಹತ್ತು ಹದಿನೈದು ವರ್ಷ ಬಳಸಿ ಬಿಟ್ಟವು ವೈಟ್‌ಫೀಲ್ಡ್, ಹೊಸಕೋಟೆ ಕಡೆಯ ಯಾರ್ಡುಗಳಲ್ಲಿ ಮಾರಾಟಕ್ಕೆ ಬರುತ್ತವೆ. ಫೋಟೋ ನೋಡಿ ಮುಂಗಡ ಕೊಡಬೇಡಿ. ಹೋಗಿ ಒಳಗೆ ನಿಂತು, ಹೊರಗೆ ನಂಬಿಕೆಯ ಒಬ್ಬರನ್ನು ನಿಲ್ಲಿಸಿ, ಅಗಳಿ ಹಾಕದೆ ಬಾಗಿಲು ಮುಚ್ಚಿಸಿ. ಕತ್ತಲಲ್ಲಿ ಎಲ್ಲಿ ಬೆಳಕಿನ ಚುಕ್ಕಿ ಕಂಡಿತೋ ಅಲ್ಲಿ ತೂತು. ಬಾಗಿಲ ಸುತ್ತಿನ ರಬ್ಬರು, ತಳದ ಅಡ್ಡಪಟ್ಟಿ ನೋಡಿ. ತಳ ತುಕ್ಕು ತಿಂದಿದ್ದರೆ ಮೇಲೆ ಎಷ್ಟು ಹೊಸ ಬಣ್ಣ ಇದ್ದರೂ ಬೇಡ. ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡೂ ಓರೆ ಅಳತೆ ಒಂದೇ ಇದೆಯಾ ನೋಡಿ, ಇಲ್ಲದಿದ್ದರೆ ಎಲ್ಲೋ ಬಿದ್ದು ಸೊಟ್ಟಾಗಿದೆ ಅಂತ ಅರ್ಥ. ಪ್ರತಿ ಪೆಟ್ಟಿಗೆಗೂ ನಾಲ್ಕು ಅಕ್ಷರ, ಏಳು ಅಂಕಿಯ ನಂಬರು ಇರುತ್ತೆ. ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬಿಲ್ಲಿಲ್ಲದ ಪೆಟ್ಟಿಗೆ ಕಳವಿನದಾದರೂ ನಮಗೆ ಗೊತ್ತಾಗಲ್ಲ.

ಬೇಸಾಯಕ್ಕೆ ಬೇಕಾದ ಕಟ್ಟಡವನ್ನು ಸಾಗುವಳಿ ಜಮೀನಿನಲ್ಲಿ ಮಾಡಿಕೊಳ್ಳಲು 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಅವಕಾಶ ಕೊಡುತ್ತೆ. ಬಾಡಿಗೆಗೆ, ಹೋಂಸ್ಟೇಗೆ ಅಂತ ಇಟ್ಟರೆ ಅದು ಬೇರೆ ಮಾತು, ಭೂ ಪರಿವರ್ತನೆ ಕೇಳ್ತಾರೆ. ಇಡುವ ಮೊದಲು ಪಂಚಾಯಿತಿಯಲ್ಲಿ ಒಂದು ಮಾತು ಕೇಳಿ.

ಪೆಟ್ಟಿಗೆಯ ಮೂಲ ಬಾಗಿಲಿಗೆ ಅಗಳಿ ಇರೋದು ಹೊರಗೆ ಮಾತ್ರ. ಮಕ್ಕಳು ಆಟಕ್ಕೆ ಒಳಗೆ ಹೋದಾಗ ಯಾರಾದರೂ ಹೊರಗಿನಿಂದ ಎಳೆದರೆ ಒಳಗಿನವರು ತೆಗೆಯಲಾಗದು, ಕೂಗಿದರೂ ಕೇಳಲ್ಲ. ನಾನು ಆ ಬಾಗಿಲಿಗೆ ಕಾಯಂ ಬೀಗ ಹಾಕಿ, ಒಳಗಿನಿಂದಲೂ ತೆಗೆಯುವಂಥ ಚಿಲಕ ಇಟ್ಟ ಪಕ್ಕದ ಬಾಗಿಲನ್ನೇ ಬಳಸುತ್ತೇನೆ. ಚಳಿಗೆ ಅಂತ ಒಳಗೆ ಇದ್ದಿಲ ಕೆಂಡ ಇಟ್ಟುಕೊಂಡು ಮಲಗಲೇಬೇಡಿ.